ಮನೇಲಿ ಒಬ್ಬರು ನಶೆಗೆ ಬಿದ್ದಿದ್ರೆ ಎಲ್ಲಿಗೆ ಕರ್ಕೊಂಡು ಹೋಗೋದು: ಸರ್ಕಾರಿ ಆಸ್ಪತ್ರೆ, ಅನುದಾನದ ಕೇಂದ್ರ, ಶಿಬಿರ, ಪ್ರೈವೇಟ್ ರಿಹ್ಯಾಬ್

ರಾತ್ರಿ ಹತ್ತು ಗಂಟೆ ಮೇಲೆ ಗೊತ್ತಿಲ್ಲದ ನಂಬರಿಂದ ಫೋನ್ ಬಂದ್ರೆ ನಂಗೆ ಈಗ ವಿಷ್ಯ ಏನು ಅಂತ ಗೊತ್ತಾಗ್ಬಿಡತ್ತೆ. ಯಾರೋ ನೆಂಟರ ಕಡೆಯವರು ನನ್ನ ನಂಬರ್ ಕೊಟ್ಟಿರ್ತಾರೆ, ಆ ಕಡೆ ಒಬ್ಬ ಅಮ್ಮನೋ ಹೆಂಡ್ತಿಯೋ ದನಿ ತಗ್ಗಿಸ್ಕೊಂಡು ಮಾತಾಡ್ತಿರ್ತಾರೆ, ಪಕ್ಕದ ರೂಮಲ್ಲಿ ಮಲಗಿರೋವ್ರಿಗೆ ಕೇಳಿಸಬಾರದು ಅಂತ. ಕೇಳೋದು ಒಂದೇ ಪ್ರಶ್ನೆ, "ಅಕ್ಕಾ, ಒಂದು ಒಳ್ಳೆ ಸೆಂಟರ್ ಇದ್ರೆ ಹೇಳಿ, ಸೇರಿಸ್ಬಿಡ್ತೀವಿ". ನಾನು ಉತ್ರ ಹೇಳೋಕ್ ಮುಂಚೆ ಮೂರು ಪ್ರಶ್ನೆ ವಾಪಸ್ ಕೇಳ್ತೀನಿ: ಏನು ತಗೋತಿದ್ದಾರೆ, ಎಷ್ಟು ವರ್ಷದಿಂದ, ಆಮೇಲೆ ಅಲ್ಲಿಂದ ವಾಪಸ್ ಬಂದ್ಮೇಲೆ ಆರು ತಿಂಗಳು ಯಾರು ಜೊತೇಲಿ ಓಡಾಡ್ತೀರ. ಮೂರನೇ ಪ್ರಶ್ನೆಗೆ ಹೆಚ್ಚುಕಮ್ಮಿ ಎಲ್ರೂ ಸುಮ್ನಾಗ್ಬಿಡ್ತಾರೆ, ಯಾಕಂದ್ರೆ ಅದನ್ನ ಅವ್ರಿಗೆ ಯಾರೂ ಕೇಳಿರೋದೇ ಇಲ್ಲ. ನಮಗೂ ಯಾರೂ ಕೇಳಿರ್ಲಿಲ್ಲ.

ನಮ್ಮ ಮನೆ ವಿಷ್ಯ ಸ್ವಲ್ಪದ್ರಲ್ಲಿ ಹೇಳ್ಬಿಡ್ತೀನಿ. ನನ್ನ ತಮ್ಮ ಡಿಪ್ಲೊಮಾ ಓದುವಾಗ ಗಾಂಜಾ ಶುರು ಮಾಡ್ದ, ಆಮೇಲೆ ನೋವಿನ ಮಾತ್ರೆ, ಮಾತ್ರೆ ಅಂತ ಶುರುವಾಗಿದ್ದು ಸೂಜಿವರೆಗೂ ಹೋಯ್ತು. ನಮಗೆ ಗೊತ್ತಾಗಿದ್ದು ಅಮ್ಮ ಅವನ ಫುಲ್ ತೋಳಿನ ಶರ್ಟ್ ಒಗೆಯೋಕೆ ಹಾಕುವಾಗ ಒಳಗಡೆ ಸಣ್ಣ ಸಣ್ಣ ರಕ್ತದ ಚುಕ್ಕೆ ಕಂಡಾಗ, ಅದೂ ಬೇಸಿಗೇಲಿ, ತಿಪಟೂರಿನ ಬಿಸಿಲಲ್ಲಿ ಅವ್ನು ದಿನಾ ಫುಲ್ ತೋಳಿನ ಶರ್ಟ್ ಯಾಕೆ ಹಾಕ್ತಾನೆ ಅಂತ ನಮಗೆ ಯಾರಿಗೂ ಹೊಳೆದಿರ್ಲಿಲ್ಲ. ಗಾಬರಿಲಿ ಒಂದು ಪ್ರೈವೇಟ್ ಸೆಂಟರಿಗೆ ಮೂರು ತಿಂಗಳ ದುಡ್ಡು ಮೊದ್ಲೇ ಕಟ್ಟಿ ಬಿಟ್ಟು ಬಂದ್ವಿ. ಫೋನ್ ಇಲ್ಲ, ಮೊದ್ಲ ತಿಂಗಳು ನೋಡೋಕೂ ಬಿಡ್ಲಿಲ್ಲ, ಸೈಕಿಯಾಟ್ರಿಸ್ಟ್ ಹೆಸ್ರು ಬೋರ್ಡಲ್ಲಿತ್ತು, ಮನುಷ್ಯ ಒಂದು ದಿನಾನೂ ಕಣ್ಣಿಗೆ ಬೀಳ್ಲಿಲ್ಲ. ತೊಂಬತ್ತು ದಿನ ಮುಗಿಸ್ಕೊಂಡು ಮೈಕೈ ತುಂಬ್ಕೊಂಡು ಬಂದ, ಅಮ್ಮ ದೃಷ್ಟಿ ತೆಗೆದ್ರು. ಹನ್ನೊಂದನೇ ದಿನಕ್ಕೆ ಮತ್ತೆ ತಗೊಂಡ, ಬಾತ್‌ರೂಮಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದ, ಬಾಗ್ಲು ಒಡೆದು ಎತ್ಕೊಂಡು ಹೋದ್ವಿ. ಉಳ್ಕೊಂಡ.

ಅದಾದ್ಮೇಲೆ ನಾನು ಕಲ್ತಿದ್ದು ಇಷ್ಟೂ ಇಲ್ಲಿ ಬರೀತಿದೀನಿ. ಕರ್ನಾಟಕದಲ್ಲಿ ಏನೇನು ಇದೆ, ಯಾವ್ದು ಯಾರಿಗೆ ಸರಿ ಹೋಗತ್ತೆ, ದುಡ್ಡು ಯಾರು ಕೊಡ್ತಾರೆ, ಅದು.

ಮೊದ್ಲು ಏನು ತಗೋತಿದ್ದಾರೆ ಅಂತ ತಿಳ್ಕೊಳ್ಳಿ

ಇದನ್ನ ಬಿಟ್ಟು ಸೆಂಟರ್ ಹುಡುಕೋದು ಅಂದ್ರೆ ಜ್ವರ ಯಾವ್ದು ಅಂತ ಗೊತ್ತಿಲ್ಲದೆ ಮಾತ್ರೆ ತಿಂದಂಗೆ.

ಕುಡಿತ ಆದ್ರೆ ದೊಡ್ಡ ಅಪಾಯ ಇರೋದು ಬಿಟ್ಟ ಮೊದ್ಲ ಮೂರ್ನಾಕು ದಿನದಲ್ಲಿ. ವರ್ಷಗಟ್ಲೆ ದಿನಾ ಬೆಳಿಗ್ಗೆಯಿಂದ ಕುಡಿಯೋವ್ರು ಏಕ್ದಂ ನಿಲ್ಲಿಸಿದ್ರೆ ಕೈ ನಡುಗತ್ತೆ, ಬೆವರತ್ತೆ, ಕೆಲವ್ರಿಗೆ ಫಿಟ್ಸ್ ಬರತ್ತೆ, ಕೆಲವ್ರಿಗೆ ಎರಡು ಮೂರನೇ ದಿನಕ್ಕೆ ಗೋಡೆ ಮೇಲೆ ಹುಳ ಹರಿದಂಗೆ, ಯಾರೋ ಕರೆದಂಗೆ ಆಗಿ ಎಲ್ಲಿದೀನಿ ಅಂತಾನೇ ಗೊತ್ತಾಗಲ್ಲ. ಇದ್ರಲ್ಲಿ ಪ್ರಾಣ ಹೋಗೋದುಂಟು. "ಏನೋ ಗಾಳಿ ಸೋಕಿದೆ" ಅಂತ ಯಂತ್ರ ಕಟ್ಸೋಕೆ ಕರ್ಕೊಂಡು ಹೋಗ್ತಾರೆ ನಮ್ಮ ಕಡೆ, ದಯವಿಟ್ಟು ಮಾಡ್ಬೇಡಿ, ಅದು ಆಸ್ಪತ್ರೆ ಕೇಸು, ಆ ರಾತ್ರಿನೇ ಎಮರ್ಜೆನ್ಸಿಗೆ ಹೋಗ್ಬೇಕು. ನಿದ್ದೆ ಮಾತ್ರೆ ಚಟ ಇರೋವ್ರಿಗೂ ಇದೇ ಥರ, ಒಂದೇ ಸಲ ನಿಲ್ಲಿಸ್ಬಾರದು.

ನೋವಿನ ಮಾತ್ರೆ, ಬ್ರೌನ್ ಶುಗರ್, ಹೆರಾಯಿನ್ ಜಾತಿದ್ದಾದ್ರೆ ಲೆಕ್ಕ ಉಲ್ಟಾ. ಬಿಡುವಾಗ ಮೈಕೈ ನೋವು, ವಾಂತಿ, ಭೇದಿ, ನಿದ್ದೆ ಇಲ್ದೆ ನರಳಾಟ, ನೋಡೋಕಾಗಲ್ಲ, ಆದ್ರೂ ಸಾಮಾನ್ಯವಾಗಿ ಅದ್ರಿಂದ ಸಾಯಲ್ಲ. ಸಾವು ಕಾಯ್ಕೊಂಡಿರೋದು ಆಮೇಲೆ. ಮೂರು ತಿಂಗಳು ಮುಟ್ಟದೇ ಇದ್ದ ದೇಹಕ್ಕೆ ಹಳೇ ಡೋಸ್ ತಡ್ಕೊಳ್ಳೋ ಶಕ್ತಿ ಹೋಗಿರತ್ತೆ, ಹುಡುಗ ಅದೇ ಹಳೇ ಲೆಕ್ಕದಲ್ಲಿ ತಗೋತಾನೆ, ಉಸಿರು ನಿಲ್ಲತ್ತೆ. ನನ್ನ ತಮ್ಮಂಗೆ ಆಗಿದ್ದು ಇದೇ ಅಂತ ನಮಗೆ ಡಾಕ್ಟ್ರು ಹೇಳಿದ್ದು ತಿಂಗಳುಗಟ್ಲೆ ಆದ್ಮೇಲೆ. ಅಂದ್ರೆ ಬರೀ ಕೂಡಿಹಾಕಿ ಔಷಧಿ ಇಲ್ದೆ ವಾಪಸ್ ಕಳಿಸೋ ಜಾಗ ಈ ಥರದವ್ರಿಗೆ ಉಪಯೋಗಕ್ಕೆ ಬರಲ್ಲ ಅನ್ನೋದಷ್ಟೇ ಅಲ್ಲ, ಮೊದ್ಲಿಗಿಂತ ಅಪಾಯಕ್ಕೆ ದೂಡತ್ತೆ.

ಗಾಂಜಾಗೆ ಚಟ ಬಿಡಿಸೋ ಮಾತ್ರೆ ಅಂತ ಇಲ್ಲ, ಕೌನ್ಸೆಲಿಂಗೇ ಮುಖ್ಯ. ಹೆಚ್ಚಿನವ್ರಿಗೆ ಅಡ್ಮಿಟ್ ಬೇಕಾಗಿಲ್ಲ, ಆದ್ರೆ ಅನುಮಾನ ಜಾಸ್ತಿ ಆಗಿದ್ರೆ, ತನ್ನಷ್ಟಕ್ಕೆ ಮಾತಾಡ್ತಿದ್ರೆ, ಮನೆಯವ್ರೇ ವಿಷ ಹಾಕ್ತಿದ್ದಾರೆ ಅಂತ ಊಟ ಬಿಟ್ಟಿದ್ರೆ ಅದು ಬೇರೆ, ತಡ ಮಾಡದೆ ಸೈಕಿಯಾಟ್ರಿಸ್ಟ್ ಹತ್ರ ಹೋಗಿ.

ಬಾಗಿಲು ಹಲವು, ಒಂದೊಂದರ ದುಡ್ಡು ಒಂದೊಂದು ಇಲಾಖೆದು

ನಂಗೆ ಇದು ಅರ್ಥ ಆದ್ಮೇಲೆ ಎಲ್ಲಾ ಸಲೀಸಾಯ್ತು. ನಮ್ಮ ದೇಶದಲ್ಲಿ ನಶೆ ವಿಷ್ಯ ಒಂದೇ ಇಲಾಖೆ ಕೈಲಿಲ್ಲ. ಹಿಡಿಯೋದು, ಕೇಸು ಹಾಕೋದು ಗೃಹ ಇಲಾಖೆ ಕೆಳಗೆ. ಸರ್ಕಾರಿ ಆಸ್ಪತ್ರೆ, ಸೈಕಿಯಾಟ್ರಿ ವಾರ್ಡ್ ಆರೋಗ್ಯ ಇಲಾಖೆದು. ಎನ್‌ಜಿಓಗಳು ನಡೆಸೋ ವ್ಯಸನಮುಕ್ತಿ ಕೇಂದ್ರಕ್ಕೆ ಅನುದಾನ ಕೊಡೋದು ಕೇಂದ್ರದ ಸಾಮಾಜಿಕ ನ್ಯಾಯ ಇಲಾಖೆ. ಸೂಜಿ ಚುಚ್ಕೊಳ್ಳೋವ್ರಿಗೆ ಬದಲಿ ಔಷಧಿ, ಅಂದ್ರೆ ಹೆರಾಯಿನ್ ಜಾತಿ ನಶೆಯ ಜಾಗದಲ್ಲಿ ಡಾಕ್ಟ್ರೇ ಡೋಸ್ ನೋಡಿ ಕೊಡೋ ಔಷಧಿ, ಕೊಡೋದು ಏಡ್ಸ್ ನಿಯಂತ್ರಣ ಸಂಸ್ಥೆ, ಎಚ್‌ಐವಿ ಹರಡಬಾರದು ಅನ್ನೋ ಉದ್ದೇಶಕ್ಕೆ. ಇನ್ನು ಮದ್ಯ ರಾಜ್ಯದ ವಿಷ್ಯ, ಅಬಕಾರಿ ಇಲಾಖೆ ಆದಾಯ. ಒಂದು ಬಾಗಿಲಲ್ಲಿ ಕೂತಿರೋವ್ರಿಗೆ ಪಕ್ಕದ ಬಾಗಿಲ ವಿಷ್ಯ ಎಷ್ಟೋ ಸಲ ಗೊತ್ತೇ ಇರಲ್ಲ, ನಾವು ಮನೆಯವ್ರೇ ಒಂದಕ್ಕೊಂದು ಗಂಟು ಹಾಕ್ಕೋಬೇಕು.

ಸರ್ಕಾರಿ ಆಸ್ಪತ್ರೆ ಸೈಕಿಯಾಟ್ರಿ ಓಪಿಡಿ

ನನ್ನ ಕೇಳಿದ್ರೆ ಯಾರೇ ಆಗ್ಲಿ ಮೊದ್ಲು ಇಲ್ಲಿಗೇ ಹೋಗ್ಬೇಕು. ಜಿಲ್ಲಾಸ್ಪತ್ರೆ, ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ, ಬೆಂಗಳೂರಲ್ಲಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗ, ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನೋ ಸರ್ಕಾರಿ ಮಾನಸಿಕ ಆಸ್ಪತ್ರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಒಂದಿದೆ, ಅದು ಹುಟ್ಟಿದ್ದೇ ನಮ್ಮ ಬಳ್ಳಾರಿ ಜಿಲ್ಲೇಲಿ, 1985ರಿಂದ 1990ರವರೆಗೆ ನಿಮ್ಹಾನ್ಸ್‌ನವ್ರು ಅಲ್ಲಿ ಪಿಎಚ್‌ಸಿ ಡಾಕ್ಟ್ರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾಡಿ ತೋರಿಸಿದ್ದನ್ನೇ 1996ರಲ್ಲಿ ದೇಶಕ್ಕೆ ತಗೊಂಡ್ರು. ಅದರ ಜೊತೆ ರಾಜ್ಯದ ಮನೋಚೈತನ್ಯ ಕಾರ್ಯಕ್ರಮ ಅಂತ ಇದೆ, ಮಂಗಳವಾರದ ದಿನ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರೋ ವ್ಯವಸ್ಥೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಬರ್ತಾರೆ ಅಂತ ಆಶಾ ಕಾರ್ಯಕರ್ತೆ ಹತ್ರನೋ ಆಸ್ಪತ್ರೆ ಚೀಟಿ ಕೌಂಟರಲ್ಲೋ ಕೇಳಿ.

ಇಲ್ಲಿನ ಒಳ್ಳೇದು ಅಂದ್ರೆ ಡಾಕ್ಟ್ರು ನಿಜವಾಗ್ಲೂ ಇರ್ತಾರೆ, ರಕ್ತ ಪರೀಕ್ಷೆ, ಲಿವರ್ ನೋಡೋದು, ಫಿಟ್ಸ್ ಬಂದ್ರೆ ನೋಡ್ಕೊಳ್ಳೋದು ಎಲ್ಲಾ ಒಂದೇ ಕಾಂಪೌಂಡಲ್ಲಿ ಆಗತ್ತೆ, ಖರ್ಚು ತೀರಾ ಕಮ್ಮಿ, ಬಿಪಿಎಲ್ ಕಾರ್ಡ್ ಇದ್ರೆ ಇನ್ನೂ ಕಮ್ಮಿ. ಕಷ್ಟ ಅಂದ್ರೆ ಕ್ಯೂ. ಬೆಳಿಗ್ಗೆ ಹೋದ್ರೆ ಮಧ್ಯಾಹ್ನ ಆಗತ್ತೆ, ಡಾಕ್ಟ್ರು ಒಬ್ಬೊಬ್ಬರಿಗೆ ಕೊಡೋ ಟೈಮ್ ಕಮ್ಮಿ, ವಾರ್ಡಲ್ಲಿ ಬೆಡ್ ಸಿಕ್ರೂ ಒಂದೆರಡು ಮೂರು ವಾರಕ್ಕೆ ಡಿಸ್ಚಾರ್ಜ್, ಮನೆಯವ್ರು ಒಬ್ರು ಜೊತೇಲಿ ಇರ್ಲೇಬೇಕು ಅಂತಾರೆ. ಈ ಕೊನೇದು ನಮಗೆ ಮೊದ್ಲು ಹಿಂಸೆ ಅನ್ನಿಸ್ತು, ಆಮೇಲೆ ಅದೇ ದೊಡ್ಡ ಉಪಕಾರ ಅನ್ನಿಸ್ತು, ಅಮ್ಮ ಹದಿನೈದು ದಿನ ವಾರ್ಡಲ್ಲಿ ಬೇರೆ ಅಮ್ಮಂದಿರ ಜೊತೆ ಕೂತು ಕಲಿತಷ್ಟು ಯಾವ ಪುಸ್ತಕದಲ್ಲೂ ಸಿಗಲ್ಲ.

ಕೆಲವು ಸರ್ಕಾರಿ ಆಸ್ಪತ್ರೆಗಳ ಒಳಗೇ ಅಡಿಕ್ಷನ್ ಟ್ರೀಟ್‌ಮೆಂಟ್ ಫೆಸಿಲಿಟಿ ಅಂತ ಬೇರೆ ಘಟಕ ಮಾಡಿದ್ದಾರೆ, ಏಟಿಎಫ್ ಅಂತಾರೆ, ಆಸ್ಪತ್ರೆ ಆರೋಗ್ಯ ಇಲಾಖೆದಾದ್ರೂ ಇದ್ರ ದುಡ್ಡು ಸಾಮಾಜಿಕ ನ್ಯಾಯ ಇಲಾಖೆದು. ಎಲ್ಲಾ ಜಿಲ್ಲೇಲೂ ಇಲ್ಲ. ಇದ್ದಲ್ಲಿ ಅದು ಒಳ್ಳೆ ಆಯ್ಕೆ, ಕೇಳಿ.

ಬದಲಿ ಔಷಧಿ ಕೇಂದ್ರ

ಇದ್ರ ಬಗ್ಗೆ ಜಾಸ್ತಿ ಬರೀತೀನಿ, ಯಾಕಂದ್ರೆ ಜನಕ್ಕೆ ಗೊತ್ತಿರೋದು ಇದೇ ಅತಿ ಕಮ್ಮಿ, ನಮ್ಮ ಹುಡುಗನ್ನ ಉಳಿಸಿದ್ದು ಇದೇ. ಓಎಸ್‌ಟಿ ಅಂತಾರೆ. ಬುಪ್ರಿನಾರ್ಫಿನ್ ಅಂತ ಔಷಧಿ, ದಿನಾ ಹೋಗ್ಬೇಕು, ನರ್ಸ್ ಎದುರಿಗೇ ಮಾತ್ರೆ ನಾಲಿಗೆ ಕೆಳಗೆ ಇಟ್ಕೊಂಡು ಕರಗೋವರೆಗೂ ಕೂತಿರ್ಬೇಕು. ದುಡ್ಡಿಲ್ಲ, ಪೂರ್ತಿ ಉಚಿತ.

ತಮ್ಮನ್ನ ಬೆಂಗಳೂರಲ್ಲಿ ಮಾವನ ಮನೇಲಿ ಇಟ್ವಿ, ಮೊದ್ಲ ಒಂದು ತಿಂಗಳು ನಾನೇ ದಿನಾ ಜೊತೆ ಹೋಗ್ತಿದ್ದೆ. ಒಂದು ಕಿಟಕಿ, ಒಳಗಡೆ ಒಂದು ರಿಜಿಸ್ಟರು, ಹೊರಗಡೆ ಕಬ್ಬಿಣದ ಬೆಂಚು. ಮಾತ್ರೆ ಇಟ್ಕೊಂಡ್ಮೇಲೆ ಮಾತಾಡೋ ಹಾಗಿಲ್ಲ, ಉಗುಳು ನುಂಗೋ ಹಾಗಿಲ್ಲ, ಒಂದು ಸಾಲಲ್ಲಿ ಆಟೋ ಓಡ್ಸೋವ್ರು, ಪೇಂಟಿಂಗ್ ಕೆಲಸದವ್ರು, ಕಾಲೇಜ್ ಬ್ಯಾಗ್ ಹಾಕ್ಕೊಂಡಿರೋ ಹುಡುಗ್ರು ಎಲ್ಲಾ ಬಾಯಿ ಮುಚ್ಕೊಂಡು ಸುಮ್ನೆ ಕೂತಿರ್ತಾರೆ. ಹತ್ತು ನಿಮಿಷ ಆದ್ಮೇಲೆ ಒಬ್ಬೊಬ್ಬರೇ ಕಿಟಕಿ ಹತ್ರ ಹೋಗಿ ನಾಲಿಗೆ ಎತ್ತಿ ತೋರಿಸ್ತಾರೆ, ಸಿಸ್ಟರ್ ನೋಡಿ ರಿಜಿಸ್ಟರಲ್ಲಿ ಟಿಕ್ ಹಾಕ್ತಾರೆ, "ನಾಳೆ ಬಾಪ್ಪಾ" ಅಂತಾರೆ. ಅಷ್ಟೇ. ಆ ಟಿಕ್ ಹಾಕಿಸ್ಕೊಂಡು ಅವ್ರೆಲ್ಲಾ ಕೆಲಸಕ್ಕೆ ಹೋಗ್ತಿದ್ರು. ನಾನು ಆ ಬೆಂಚ್ ಮೇಲೆ ಕೂತು ಎಷ್ಟೋ ದಿನ ಅತ್ತಿದೀನಿ, ಮೂರು ತಿಂಗಳು ಬೀಗ ಹಾಕಿದ್ರೂ ಆಗದೇ ಇದ್ದಿದ್ದು ಇಲ್ಲಿ ಬಾಗಿಲು ತೆಗೆದಿಟ್ಕೊಂಡೇ ಆಗ್ತಿತ್ತು.

ಜನ ಹೇಳೋ ತಕರಾರು ನಂಗೂ ಗೊತ್ತು, "ಒಂದು ನಶೆ ಬಿಡಿಸೋಕೆ ಇನ್ನೊಂದು ನಶೆ ಕೊಡ್ತಾರೆ" ಅಂತ, ನಮ್ಮಪ್ಪಾನೂ ಅದನ್ನೇ ಅಂದ್ರು. ಶುಗರ್ ಇರೋವ್ರು ದಿನಾ ಇನ್ಸುಲಿನ್ ತಗೊಳ್ಳೋದನ್ನ ಯಾರೂ ಚಟ ಅನ್ನಲ್ಲ. ಈ ಔಷಧಿ ಸರಿಯಾದ ಡೋಸಲ್ಲಿ ಕೊಟ್ರೆ ತಲೆ ತಿರುಗೋದಿಲ್ಲ, ನಡುಕ ಬರೋದಿಲ್ಲ, ಮೇಲಿಂದ ಬೇರೆ ತಗೊಂಡ್ರೂ ಅಷ್ಟಾಗಿ ಏರಲ್ಲ, ಹುಡುಗ ಸಾಯೋ ಅಪಾಯ ತುಂಬಾ ಕಮ್ಮಿ ಆಗತ್ತೆ. ವರ್ಷ ಎರಡು ವರ್ಷ ಬೇಕಾಗ್ಬೋದು, ಕೆಲವ್ರಿಗೆ ಇನ್ನೂ ಜಾಸ್ತಿ. ಬೇಗ ನಿಲ್ಲಿಸಿ ಅಂತ ಮನೆಯವ್ರು ಡಾಕ್ಟ್ರಿಗೆ ಒತ್ತಾಯ ಮಾಡೋದೇ ಇಲ್ಲಿ ಆಗೋ ದೊಡ್ಡ ತಪ್ಪು. ತೊಂದ್ರೆ ಅಂದ್ರೆ ಈ ಕೇಂದ್ರಗಳು ಕಮ್ಮಿ, ಹಳ್ಳಿ ಕಡೆಯವ್ರಿಗೆ ದಿನಾ ಬಂದು ಹೋಗೋದು ಆಗದ ಮಾತು. ಸೂಜಿ ಚುಚ್ಕೊಳ್ಳದೆ ಬರೀ ನುಂಗೋವ್ರಾದ್ರೆ ಏಟಿಎಫ್ ಅಥವಾ ದೊಡ್ಡ ಆಸ್ಪತ್ರೆ ಸೈಕಿಯಾಟ್ರಿ ವಿಭಾಗದಲ್ಲಿ ಇದೇ ಔಷಧಿ ಬಗ್ಗೆ ಕೇಳಿ.

ಅನುದಾನದ ವ್ಯಸನಮುಕ್ತಿ ಕೇಂದ್ರ

ಐಆರ್‌ಸಿಎ ಅಂತ ಬೋರ್ಡಲ್ಲಿ ಇರತ್ತೆ, ಸಂಸ್ಥೆ ನಡೆಸೋದು, ಕೇಂದ್ರ ಸರ್ಕಾರ ಅನುದಾನ ಕೊಡೋದು. ಈ ಸ್ಕೀಮ್ 1985-86ರಿಂದ ಇದೆ, ಈಗ ಮಾದಕ ವಸ್ತು ಬೇಡಿಕೆ ಇಳಿಸೋ ರಾಷ್ಟ್ರೀಯ ಕ್ರಿಯಾ ಯೋಜನೆ ಅಡಿಯಲ್ಲಿ ಬರತ್ತೆ. 15 ಬೆಡ್, 30 ಬೆಡ್, ಈ ಥರ. ಅನುದಾನದ ಬೆಡ್ಡಿಗೆ ನೀವು ದುಡ್ಡು ಕೊಡಬೇಕಾಗಿಲ್ಲ, ಯಾರಾದ್ರೂ ಕೇಳಿದ್ರೆ ರಸೀದಿ ಕೇಳಿ. ಕೌನ್ಸೆಲರ್, ನರ್ಸ್, ಯೋಗ ಹೇಳ್ಕೊಡೋವ್ರು, ಮೊದ್ಲು ತಾವೇ ಚಟದಿಂದ ಹೊರಗೆ ಬಂದಿರೋ ಪೀರ್ ಎಜುಕೇಟರ್ ಇರ್ತಾರೆ. ಡಾಕ್ಟ್ರು ಮಾತ್ರ ಸಣ್ಣ ಕೇಂದ್ರಗಳಲ್ಲಿ ಪಾರ್ಟ್‌ಟೈಮ್, ಇದನ್ನ ನೆನಪಿಟ್ಕೊಳ್ಳಿ. ಹಾಗಾಗಿ ಕುಡಿತದ ಫಿಟ್ಸ್ ಹಿಂದೆ ಬಂದಿರೋವ್ರು, ಲಿವರ್ ಹಾಳಾಗಿರೋವ್ರು ಮೊದ್ಲು ಆಸ್ಪತ್ರೇಲಿ ಆ ಮೊದ್ಲ ವಾರ ಕಳೆದು ಆಮೇಲೆ ಇಲ್ಲಿಗೆ ಬರೋದು ಸರಿಯಾದ ಕ್ರಮ. ಮನೇಲಿ ಯಾರೂ ಇಲ್ಲ, ಇರೋವ್ರೂ ಕುಡೀತಾರೆ, ಊರಲ್ಲಿ ಇದ್ರೆ ಅದೇ ಗೆಳೆಯರು, ಇಂಥವ್ರಿಗೆ ಒಂದೆರಡು ತಿಂಗಳು ದೂರ ಇರೋ ಜಾಗ ಬೇಕೇ ಬೇಕು, ಆಸ್ಪತ್ರೆ ವಾರ್ಡು ಅದನ್ನ ಕೊಡೋಕಾಗಲ್ಲ, ಈ ಕೇಂದ್ರ ಕೊಡತ್ತೆ.

ಗುಣಮಟ್ಟ ಮಾತ್ರ ಕೇಂದ್ರದಿಂದ ಕೇಂದ್ರಕ್ಕೆ ಆಕಾಶ ಭೂಮಿ. ಅನುದಾನ ತಡ ಆದ್ರೆ ಸಿಬ್ಬಂದಿ ಸಂಬಳ ನಿಲ್ಲತ್ತೆ, ಸಂಬಳ ನಿಂತ್ರೆ ಒಳ್ಳೆ ಕೌನ್ಸೆಲರ್ ಬಿಟ್ಟು ಹೋಗ್ತಾರೆ. ಹೋಗಿ ನೋಡಿ. ಅಡುಗೆಮನೆ ನೋಡಿ, ಟಾಯ್ಲೆಟ್ ನೋಡಿ, ಅಲ್ಲಿರೋವ್ರ ಹತ್ರ ಐದು ನಿಮಿಷ ಮಾತಾಡೋಕೆ ಬಿಡ್ತಾರಾ ನೋಡಿ. ಹತ್ರದ ಕೇಂದ್ರ ಯಾವ್ದು ಅಂತ 14446ಕ್ಕೆ ಫೋನ್ ಮಾಡಿದ್ರೆ ಹೇಳ್ತಾರೆ, ಟೋಲ್ ಫ್ರೀ.

ಮದ್ಯವರ್ಜನ ಶಿಬಿರ

ದಕ್ಷಿಣ ಕನ್ನಡದಿಂದ ಶುರುವಾಗಿ ಈಗ ರಾಜ್ಯದ ತುಂಬಾ ನಡೆಯತ್ತೆ, ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ, ಜನಜಾಗೃತಿ ವೇದಿಕೆ ಕಡೆಯಿಂದ, ಎಂಟು ದಿನದ್ದು. ಊರಿನ ಕಲ್ಯಾಣ ಮಂಟಪದಲ್ಲೋ ಸಮುದಾಯ ಭವನದಲ್ಲೋ ಐವತ್ತು ಅರವತ್ತು ಜನ ಒಟ್ಟಿಗೆ ಇರ್ತಾರೆ, ಊಟ ಅಲ್ಲೇ, ಭಜನೆ, ವ್ಯಾಯಾಮ, ಕೌನ್ಸೆಲಿಂಗ್, ಮನೆಯವ್ರನ್ನ ಕರೆಸಿ ಮಾತಾಡಿಸೋದು. ನಮ್ಮ ಪಕ್ಕದ್ಮನೆ ಅಂಕಲ್ ಒಬ್ರು ಇಪ್ಪತ್ತು ವರ್ಷ ಕುಡಿದವ್ರು ಇಂಥದ್ದೇ ಶಿಬಿರಕ್ಕೆ ಹೋಗಿ ಬಂದು ಇವತ್ತಿಗೂ ಮುಟ್ಟಿಲ್ಲ. ಆಂಟಿ ಹೇಳೋ ಪ್ರಕಾರ ಆ ಎಂಟು ದಿನಕ್ಕಿಂತ ಕೆಲಸ ಮಾಡಿದ್ದು ಆಮೇಲಿನ ನವಜೀವನ ಸಮಿತಿ, ಜೊತೇಲಿ ಬಿಟ್ಟವ್ರೆಲ್ಲಾ ಆಗಾಗ ಸೇರೋದು, ನೂರು ದಿನ ಆದಾಗ ಶತದಿನೋತ್ಸವ ಅಂತ ಹೆಂಡ್ತಿ ಮಕ್ಕಳ ಜೊತೆ ಕರೆದು ಕೂರಿಸೋದು. ಊರಲ್ಲಿ ಕುಡುಕ ಅನ್ನಿಸ್ಕೊಂಡವ್ರಿಗೆ ಊರ ಎದುರಿಗೇ ಮರ್ಯಾದೆ ವಾಪಸ್ ಸಿಗತ್ತಲ್ಲ, ಅದರ ಬಲ ದೊಡ್ಡದು.

ಆದ್ರೆ ಇದು ಕುಡಿತಕ್ಕೆ ಮಾಡಿದ್ದು, ಮಾತ್ರೆ ಸೂಜಿಯವ್ರಿಗೆ ಅಲ್ಲ. ದಿನಾ ಬೆಳಿಗ್ಗೆ ಎದ್ದ ತಕ್ಷಣ ಕುಡಿಯೋವ್ರಾದ್ರೆ ಶಿಬಿರಕ್ಕೆ ಮುಂಚೆ ಡಾಕ್ಟ್ರಿಗೆ ತೋರಿಸಿ, ಅಲ್ಲಿ ರಾತ್ರಿ ಹೊತ್ತು ನರ್ಸೋ ಡಾಕ್ಟ್ರೋ ಇರ್ತಾರಾ, ಆಂಬ್ಯುಲೆನ್ಸ್ ಎಷ್ಟು ದೂರ ಅಂತ ಕೇಳಿ ಆಮೇಲೆ ಸೇರಿಸಿ.

ಪ್ರೈವೇಟ್ ರಿಹ್ಯಾಬ್

ಒಳ್ಳೇವು ಇವೆ, ಇಲ್ಲ ಅನ್ನಲ್ಲ. ಗುಟ್ಟಾಗಿ ಉಳಿಯತ್ತೆ, ಕಾಯೋ ಹಾಗಿಲ್ಲ, ಒಬ್ಬೊಬ್ಬರಿಗೆ ಟೈಮ್ ಕೊಡ್ತಾರೆ. ಆದ್ರೆ ಹೊಲ ಮಾರಿ ಕಟ್ಟೋವಂಥದ್ದು ಅಲ್ಲಿ ಏನೂ ಇಲ್ಲ, ಯಾಕಂದ್ರೆ ಔಷಧಿ ಎರಡು ಕಡೆನೂ ಅದೇ. 2017ರ ಮಾನಸಿಕ ಆರೋಗ್ಯ ಕಾಯ್ದೆಲಿ ಕುಡಿತ, ಮಾದಕ ವಸ್ತುವಿಂದ ಆಗೋ ಸಮಸ್ಯೆನೂ ಮಾನಸಿಕ ಕಾಯಿಲೆ ಲೆಕ್ಕದಲ್ಲೇ ಬರತ್ತೆ, ಹಾಗಾಗಿ ಇಂಥವ್ರನ್ನ ಇಟ್ಕೊಂಡು ಟ್ರೀಟ್‌ಮೆಂಟ್ ಕೊಡೋ ಸಂಸ್ಥೆ ರಿಜಿಸ್ಟರ್ ಆಗಿರ್ಬೇಕು. ಸರ್ಟಿಫಿಕೇಟ್ ತೋರಿಸಿ ಅನ್ನಿ. ಸರಪಳಿ ಹಾಕೋದು ಆ ಕಾಯ್ದೆ 95ನೇ ಸೆಕ್ಷನ್ ಪ್ರಕಾರ ಪೂರ್ತಿ ನಿಷೇಧ. ಒಪ್ಪದೇ ಇರೋವ್ರನ್ನ ಸೇರಿಸ್ಬೇಕಾದ್ರೆ 89ನೇ ಸೆಕ್ಷನ್, ಒಬ್ಬ ಸೈಕಿಯಾಟ್ರಿಸ್ಟ್ ಜೊತೆ ಇನ್ನೊಬ್ರು ಬೇರೆ ಬೇರೆಯಾಗಿ ನೋಡಿ ಬರೀಬೇಕು, ಮೊದ್ಲಿಗೆ 30 ದಿನದವರೆಗೆ ಮಾತ್ರ. ರಾತ್ರೋರಾತ್ರಿ ನಾಲ್ಕು ಜನ ಬಂದು ಗಾಡೀಲಿ ಎತ್ತಾಕ್ಕೊಂಡು ಹೋಗ್ತೀವಿ, ಅದಕ್ಕೆ ಬೇರೆ ಚಾರ್ಜು ಅಂತ ಹೇಳೋ ಕಡೆ ಫೋನ್ ಅಲ್ಲೇ ಕಟ್ ಮಾಡಿ.

ಮೂರು ತಿಂಗಳ ದುಡ್ಡು ಮೊದ್ಲೇ ಕೇಳೋದು, ಮೊದ್ಲ ತಿಂಗಳು ನೋಡೋಕೆ ಬಿಡದೇ ಇರೋದು, "ನೂರಕ್ಕೆ ನೂರು ಗ್ಯಾರಂಟಿ" ಅನ್ನೋದು, ಈ ಮೂರೂ ನಮ್ಮ ವಿಷ್ಯದಲ್ಲಿ ಆಗಿತ್ತು, ಆಗ ಇದು ಕೆಟ್ಟ ಲಕ್ಷಣ ಅಂತ ಹೇಳೋವ್ರು ಯಾರೂ ಇರ್ಲಿಲ್ಲ.

ಇನ್ನೊಂದು ಇಲ್ಲೇ ಹೇಳ್ಬಿಡ್ತೀನಿ, ಬಸ್ ಸ್ಟ್ಯಾಂಡ್ ಗೋಡೆ ಮೇಲೆ ಅಂಟಿಸಿರ್ತಾರಲ್ಲ, ಗೊತ್ತಾಗದ ಹಾಗೆ ಸಾರಲ್ಲಿ ಕಲಸಿ ಕೊಟ್ಟು ಕುಡಿತ ಬಿಡಿಸೋ ಪುಡಿ ಅಂತ, ಅದು ಬೇಡ. ಅದ್ರಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿಲ್ಲ. ಡೈಸಲ್ಫಿರಾಮ್ ಅನ್ನೋ ಔಷಧಿ ಇದೆ ನಿಜ, ಅದನ್ನ ತಗೊಂಡು ಕುಡಿದ್ರೆ ಎದೆ ಹೊಡ್ಕೊಂಡು ಬಿಪಿ ಇಳಿದು ಆಸ್ಪತ್ರೆ ಸೇರೋ ಹಾಗಾಗತ್ತೆ, ಅದಕ್ಕೇ ಡಾಕ್ಟ್ರು ರೋಗಿಗೆ ಹೇಳಿ, ಒಪ್ಪಿಸಿ, ಪರೀಕ್ಷೆ ಮಾಡಿ ಕೊಡ್ತಾರೆ, ಗುಟ್ಟಾಗಿ ಹಾಕೋ ವಸ್ತು ಅಲ್ಲ ಅದು.

ಪೊಲೀಸ್ ಭಯ

"ಸರ್ಕಾರಿ ಆಸ್ಪತ್ರೆಗೆ ಹೋದ್ರೆ ಕೇಸ್ ಆಗತ್ತಾ ಅಕ್ಕಾ" ಅಂತ ಎಲ್ರೂ ಕೇಳ್ತಾರೆ. ಟ್ರೀಟ್‌ಮೆಂಟಿಗೆ ಬಂದಿದ್ದಕ್ಕೆ ಡಾಕ್ಟ್ರು ಯಾರೂ ಪೊಲೀಸ್ ಕರೆಯಲ್ಲ. ಅಷ್ಟೇ ಅಲ್ಲ, ಮಾದಕ ವಸ್ತು ಕೇಸು ಹಾಕೋ 1985ರ ಎನ್‌ಡಿಪಿಎಸ್ ಕಾಯ್ದೆಲೇ 64ಎ ಅಂತ ಒಂದು ಸೆಕ್ಷನ್ ಇದೆ. ಸೇವನೆ ಕೇಸೋ ಸಣ್ಣ ಪ್ರಮಾಣದ ಕೇಸೋ ಇರೋ ವ್ಯಸನಿ ತಾನಾಗೇ ಮುಂದೆ ಬಂದು ಸರ್ಕಾರ ನಡೆಸೋ ಅಥವಾ ಸರ್ಕಾರ ಮಾನ್ಯ ಮಾಡಿರೋ ಆಸ್ಪತ್ರೆ ಸಂಸ್ಥೆಲಿ ಚಿಕಿತ್ಸೆ ತಗೊಂಡ್ರೆ ಆ ಕೇಸಿಂದ ರಕ್ಷಣೆ ಸಿಗತ್ತೆ, ಅರ್ಧಕ್ಕೆ ಬಿಟ್ರೆ ವಾಪಸ್ ತಗೋಬೋದು. ಸಾಬೀತಾದ್ಮೇಲೂ 39ನೇ ಸೆಕ್ಷನ್ ಅಡಿ ಕೋರ್ಟು ಒಪ್ಪಿದ್ರೆ ಶಿಕ್ಷೆ ಬದ್ಲು ಚಿಕಿತ್ಸೆಗೆ ಕಳಿಸ್ಬೋದು. ಇಲ್ಲೇ ಆಯ್ಕೆ ವಿಷ್ಯ ಬರೋದು: ಮಾನ್ಯತೆ ಇಲ್ಲದ ಪ್ರೈವೇಟ್ ಸೆಂಟರಲ್ಲಿ ಆರು ತಿಂಗಳು ಇದ್ರೂ ಅದು ಈ ಸೆಕ್ಷನ್ನಿಗೆ ಲೆಕ್ಕಕ್ಕೆ ಬರಲ್ಲ, ಜಿಲ್ಲಾಸ್ಪತ್ರೆ ಓಪಿಡಿ ಚೀಟಿ ಲೆಕ್ಕಕ್ಕೆ ಬರತ್ತೆ. ಹಾಗಾಗಿ ಮಗ ಕೇಸಲ್ಲಿ ಸಿಕ್ಕಿದ್ರೆ ಅಥವಾ ಸಿಗೋ ಹಾಗಿದ್ರೆ ಒಂದೇ ಒಂದು ಚೀಟಿನೂ ಎಸೀಬೇಡಿ. ವಕೀಲರಿಗೆ ದುಡ್ಡಿಲ್ಲ ಅಂದ್ರೆ ಕೋರ್ಟ್ ಆವರಣದಲ್ಲಿರೋ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಾರೋಕೆ ಇಟ್ಕೊಂಡ ದೊಡ್ಡ ಪ್ರಮಾಣದ ಕೇಸಾದ್ರೆ ಈ 64ಎ, 39 ಎರಡೂ ಅನ್ವಯಿಸಲ್ಲ.

ಇನ್ಶೂರೆನ್ಸ್

ನಂಬ್ಕೊಂಡು ಕೂರ್ಬೇಡಿ. ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆ ಥರಾನೇ ವಿಮೆ ಕೊಡ್ಬೇಕು ಅಂತ 2017ರ ಕಾಯ್ದೆ ಹೇಳತ್ತೆ, ಆದ್ರೆ ನಿಮ್ಮ ಪಾಲಿಸಿ ಕೊನೇ ಪುಟಗಳಲ್ಲಿ ಎಕ್ಸ್‌ಕ್ಲೂಷನ್ ಪಟ್ಟಿಲಿ ಕೋಡ್ 12 ಅಂತ ನೋಡಿ, ಕುಡಿತ, ಮಾದಕ ವಸ್ತು, ಚಟದ ಚಿಕಿತ್ಸೆ ಕೊಡಲ್ಲ ಅಂತ ಸಾಮಾನ್ಯವಾಗಿ ಬರೆದಿರ್ತಾರೆ. ಹೆಚ್ಚಿನ ಕಂಪನಿ ಪಾಲಿಸಿಲೂ ಅದೇ ವಾಕ್ಯ. ಕಾಯಿಲೆ ಅಂತ ಒಂದು ಕಾಯ್ದೆ ಒಪ್ಕೊಂಡು, ದುಡ್ಡು ಕೊಡೋ ಹೊತ್ತಿಗೆ ಅದು ಕಾಯಿಲೆ ಅಲ್ಲ ಅಂದ್ರೆ ಮಧ್ಯಮ ವರ್ಗದ ಮನೆ ಏನು ಮಾಡ್ಬೇಕು, ಇದು ನಿಜವಾಗ್ಲೂ ಬದಲಾಗ್ಬೇಕು. ಆಯುಷ್ಮಾನ್ ಆರೋಗ್ಯ ಕರ್ನಾಟಕ ಕಾರ್ಡ್ ಇರೋವ್ರು ಅಡ್ಮಿಟ್ ಮಾಡೋಕ್ ಮುಂಚೆ ಸರ್ಕಾರಿ ಆಸ್ಪತ್ರೇಲಿರೋ ಆರೋಗ್ಯಮಿತ್ರರ ಹತ್ರ ಕೇಳಿ.

ಸರ್ಕಾರದ ದುಡ್ಡಿನ ಬಗ್ಗೆ ಒಂದು ಮಾತು

2018ರಲ್ಲಿ ಏಮ್ಸ್‌ನವ್ರು ಸಾಮಾಜಿಕ ನ್ಯಾಯ ಇಲಾಖೆಗೋಸ್ಕರ ದೇಶದ ತುಂಬಾ ಸಮೀಕ್ಷೆ ಮಾಡಿದ್ರು, 2019ರಲ್ಲಿ ವರದಿ ಬಂತು. ಕುಡಿತಕ್ಕೆ ಪೂರ್ತಿ ದಾಸರಾದ 38 ಜನದಲ್ಲಿ ಒಬ್ಬರಿಗೆ ಮಾತ್ರ ಏನಾದ್ರೂ ಚಿಕಿತ್ಸೆ ಸಿಕ್ಕಿತ್ತು, ಒಳರೋಗಿಯಾಗಿ ಸೇರಿದ್ದು 180 ಜನದಲ್ಲಿ ಒಬ್ರು. ನಮ್ಮ ರಾಜ್ಯ 2025-26ರ ಬಜೆಟ್ಟಲ್ಲಿ ಅಬಕಾರಿಯಿಂದ 40,000 ಕೋಟಿ ರೂ. ಗುರಿ ಇಟ್ಕೊಂಡಿತ್ತು. 2007ರ ಜುಲೈ 1ರಿಂದ ಸಾರಾಯಿ ನಿಲ್ಲಿಸಿದಾಗ ಎಷ್ಟೋ ಹೆಂಗಸ್ರು ದೀಪ ಹಚ್ಚಿದ್ರು, ಆಮೇಲೆ ಆ ಗಂಡಸ್ರು ಬಾಟ್ಲಿ ಮದ್ಯಕ್ಕೆ ಹೋದ್ರು, ಬಿಡಿಸೋ ವ್ಯವಸ್ಥೆ ಮಾತ್ರ ಅದಕ್ಕೆ ತಕ್ಕ ಹಾಗೆ ಬೆಳೀಲಿಲ್ಲ. ಮದ್ಯದಿಂದ ಬರೋ ದುಡ್ಡಲ್ಲಿ ಒಂದು ಪಾಲು ಇಂತಿಷ್ಟು ಅಂತ ತಾಲೂಕು ಮಟ್ಟದ ಚಿಕಿತ್ಸೆಗೆ ತೆಗೆದಿಡಿ ಅಂತ ಕೇಳೋದ್ರಲ್ಲಿ ತಪ್ಪೇನಿದೆ?

ಪಂಜಾಬ್ ನೋಡಿ, ಅಲ್ಲಿ 2017ರಿಂದ ಹೊರರೋಗಿಯಾಗೇ ಬದಲಿ ಔಷಧಿ ಕೊಡೋ ಕ್ಲಿನಿಕ್ ಶುರು ಮಾಡಿ ಈಗ ಊರೂರಲ್ಲಿ ನೂರಾರು ಆಗಿವೆ. ಅಲ್ಲೂ ಸಮಸ್ಯೆ ಮುಗಿದಿಲ್ಲ, ಔಷಧಿ ಹೊರಗೆ ಮಾರಾಟ ಆಗತ್ತೆ ಅನ್ನೋ ದೂರಿದೆ, ಆದ್ರೂ ಬೆಡ್ಡಿಗಿಂತ ಬೆಂಚು ಜಾಸ್ತಿ ಜನಕ್ಕೆ ಸಿಗತ್ತೆ ಅನ್ನೋದನ್ನ ಅವ್ರು ಮಾಡಿ ತೋರಿಸಿದ್ದಾರೆ. ನಮ್ಮಲ್ಲಿ ಬೆಡ್ಡಿಗೆ ಅನುದಾನ ಇದೆ, ಹಿಡಿದ ಗಾಂಜಾ ಸುಡೋದು ಟಿವಿಲಿ ಬರತ್ತೆ, ಡಿಸ್ಚಾರ್ಜ್ ಆದ ಹುಡುಗ ಮುಂದಿನ ಮಂಗಳವಾರ ಬರ್ಲಿಲ್ಲ ಅಂದ್ರೆ ಮನೆಗೆ ಫೋನ್ ಮಾಡಿ ಯಾಕೆ ಬರ್ಲಿಲ್ಲ ಅಂತ ಕೇಳೋ ಒಬ್ಬ ಮನುಷ್ಯನಿಗೆ ಸಂಬಳ ಕೊಡೋ ಲೆಕ್ಕ ಇಲ್ಲ. ಆ ಕೆಲಸ ಈಗ ನಮ್ಮಂಥ ಅಕ್ಕಂದಿರು ಅಮ್ಮಂದಿರು ಮಾಡ್ತಿದೀವಿ.

ಹಾಗಾದ್ರೆ ಯಾರು ಎಲ್ಲಿಗೆ

ದಿನಾ ಕುಡಿಯೋವ್ರು, ಬಿಟ್ರೆ ನಡುಕ ಬರೋವ್ರು: ಮೊದ್ಲು ಆಸ್ಪತ್ರೆ, ಒಂದೆರಡು ವಾರ, ಆಮೇಲೆ ಮನೇಲಿ ಬೆಂಬಲ ಇದ್ರೆ ಓಪಿಡಿ ಜೊತೆಗೆ ನವಜೀವನ ಸಮಿತಿ ಅಥವಾ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಟ್ಟವ್ರು ಸೇರೋ ಗುಂಪು) ಮೀಟಿಂಗು, ಬೆಂಬಲ ಇಲ್ಲ ಅಂದ್ರೆ ಅನುದಾನದ ಕೇಂದ್ರ. ವಾರಕ್ಕೊಮ್ಮೆ ಕುಡಿದು ಗಲಾಟೆ ಮಾಡೋವ್ರು, ಬಿಡ್ಬೇಕು ಅಂತ ಮನಸ್ಸಿರೋವ್ರು ಶಿಬಿರಕ್ಕೆ ಹೋಗ್ಬೋದು. ನೋವಿನ ಮಾತ್ರೆ, ಬ್ರೌನ್ ಶುಗರ್, ಸೂಜಿ: ಬದಲಿ ಔಷಧಿ ಸಿಗೋ ಕಡೆ ಮಾತ್ರ, ಅದಕ್ಕೋಸ್ಕರ ಊರು ಬಿಟ್ಟು ಬೇರೆ ಊರಲ್ಲಿ ಮನೆ ಮಾಡ್ಬೇಕಾಗಿ ಬಂದ್ರೂ ಅದೇ ಸರಿ, ಬೀಗ ಹಾಕೋ ಸೆಂಟರ್ ಬೇಡ್ವೇ ಬೇಡ. ಕಾಲೇಜ್ ಹುಡುಗ ಗಾಂಜಾ: ಓಪಿಡಿ, ಓದು ಬಿಡಿಸ್ಬೇಡಿ. ಬರಲ್ಲ ಅಂತ ಹಠ ಹಿಡಿದಿದ್ರೆ ನೀವೊಬ್ರೇ ಹೋಗಿ ಡಾಕ್ಟ್ರ ಹತ್ರ ಮಾತಾಡಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ಹಗಲು ರಾತ್ರಿ ಇರತ್ತೆ.

ಎಲ್ಲೇ ಫೋನ್ ಮಾಡಿದ್ರೂ ಇದನ್ನ ಕೇಳಿ: ಹೊರಗೆ ಬಂದ್ಮೇಲೆ ಎಷ್ಟು ದಿನಕ್ಕೊಂದ್ಸಲ ಕರೀತೀರಿ, ಮತ್ತೆ ತಗೊಂಡ್ರೆ ವಾಪಸ್ ಸೇರಿಸ್ಕೋತೀರಾ, ಆವಾಗ ಬೈತೀರಾ? ಕೊನೇ ಪ್ರಶ್ನೆಗೆ ನಮ್ಮ ಸಿಸ್ಟರ್ ಕೊಟ್ಟ ಉತ್ರ, "ಬಂದ್ರೆ ಸಾಕಮ್ಮಾ, ಬೈಯೋಕೆ ನಮಗೆಲ್ಲಿ ಟೈಮಿದೆ". ಆ ಥರ ಹೇಳೋ ಕಡೆ ಸೇರಿಸಿ.

ಮೊದ್ಲ ದಿನ ಹೋಗುವಾಗ ಆಧಾರ್, ರೇಷನ್ ಕಾರ್ಡ್, ಹಳೇ ಚೀಟಿ, ಅವ್ರು ತಗೋತಿದ್ದ ಮಾತ್ರೆ ಖಾಲಿ ಸ್ಟ್ರಿಪ್ ಸಿಕ್ಕಿದ್ರೆ ಅದನ್ನೂ ತಗೊಂಡು ಹೋಗಿ, ಡಾಕ್ಟ್ರಿಗೆ ಅದ್ರಿಂದ ತುಂಬಾ ಗೊತ್ತಾಗತ್ತೆ. ತಿಂಡಿ ತಿಂದು ಹೋಗಿ, ಡಬ್ಬೀಲಿ ಮಧ್ಯಾಹ್ನಕ್ಕೂ ಕಟ್ಕೊಳ್ಳಿ, ಅಷ್ಟು ಹೊತ್ತು ಕಾಯ್ಬೇಕಾಗತ್ತೆ, ಹಸಿವಾದ್ರೆ ಅವ್ರು ಎದ್ದು ಹೋಗ್ಬಿಡ್ತಾರೆ. ಕ್ಯೂಲಿ ನೀವು ನಿಂತ್ಕೊಳ್ಳಿ, ಅವ್ರನ್ನ ಫ್ಯಾನ್ ಕೆಳಗೆ ಕೂರಿಸಿ.